ಎಫ್‌ಎಸ್‌ಟ್ಯಾಬ್ ಬದಲಿಸಿದ ಮೇಲೆ ಡೇಟಾ ಡಿಸ್ಕ್ ಮೌಂಟ್ ಆಗಿ ನಿಲ್ಲುತ್ತಿಲ್ಲ, ಈಗ ಸರ್ವರ್ ಬೂಟೇ ಆಗುತ್ತಿಲ್ಲ

ಭೋಸರಿ_ಫೈಲ್‌ಸರ್ವರ್ (ಪುಣೆ)

ನಮಸ್ಕಾರ. ಭೋಸರಿ ಎಂಐಡಿಸಿಯ ಒಂದು ವರ್ಕ್‌ಶಾಪಿನ ಫೈಲ್ ಸರ್ವರ್ ಬಗ್ಗೆ ಪ್ರಶ್ನೆ. ಡೆಬಿಯನ್ 11 (ಲಿನಕ್ಸ್). ಸಿಸ್ಟಮ್ 480 ಜಿಬಿ ಎಸ್‌ಎಸ್‌ಡಿಯಲ್ಲಿದೆ. ಡ್ರಾಯಿಂಗುಗಳು, ಸಿಎನ್‌ಸಿ ಪ್ರೋಗ್ರಾಮುಗಳು ಬೇರೆ ಡಿಸ್ಕಿನಲ್ಲಿದ್ದು ಸಾಂಬಾ (ಫೈಲ್ ಹಂಚುವ ಸರ್ವರ್ ಪ್ರೋಗ್ರಾಂ) ಮೂಲಕ ಎಲ್ಲ ಕಂಪ್ಯೂಟರಿಗೂ ಸಿಗುತ್ತವೆ. ಹಳೆಯ 2 ಟಿಬಿ ಡಿಸ್ಕಿನಲ್ಲಿ ಬ್ಯಾಡ್ ಸೆಕ್ಟರ್ ಹೆಚ್ಚಾಗುತ್ತಿದ್ದವು. ಹೊಸ 4 ಟಿಬಿ ಡಿಸ್ಕನ್ನು ಇಎಕ್ಸ್‌ಟಿ4 (ಲಿನಕ್ಸ್ ಫೈಲ್‌ಸಿಸ್ಟಮ್) ಮಾಡಿ, ತಾತ್ಕಾಲಿಕವಾಗಿ ಬೇರೆ ಡೈರೆಕ್ಟರಿಗೆ ಮೌಂಟ್ ಮಾಡಿ (ಜೋಡಿಸಿ) ಡೇಟಾ ಪೂರ್ತಿ ಕಾಪಿ ಮಾಡಿದೆ. ಆಮೇಲೆ ಹಳೆಯದನ್ನು ಅನ್‌ಮೌಂಟ್ ಮಾಡಿ, ಹಾಟ್‌ಸ್ವಾಪ್ ಟ್ರೇಯಿಂದ ತೆಗೆದು, /ಇಟಿಸಿ/ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಎಂದು ಹೇಳುವ ಫೈಲ್) ಹೊಸ ಯುಯುಐಡಿ (ಫೈಲ್‌ಸಿಸ್ಟಮ್‌ನ ಗುರುತಿನ ಸಂಖ್ಯೆ) ಬರೆದೆ. ಇದೆಲ್ಲ ಮಷೀನ್ ಓಡುತ್ತಿರುವಾಗಲೇ, ರೀಬೂಟ್ ಇಲ್ಲದೆ. ಜೊತೆಗೆ ಎರಡು ಹೊಸ ಸಾಲು ಸೇರಿಸಿದೆ. ಈಗ ಹೀಗಿದೆ (ರೂಟ್ ಸಾಲು ಬಿಟ್ಟು):

ಯುಯುಐಡಿ=…4071 /ಎಸ್‌ಆರ್‌ವಿ/ಡೇಟಾ ಇಎಕ್ಸ್‌ಟಿ4 ಡಿಫಾಲ್ಟ್ಸ್ 0 2
/ಡೆವ್/ಎಸ್‌ಡಿಸಿ1 /ಮೀಡಿಯಾ/ಬ್ಯಾಕಪ್-ಯುಎಸ್‌ಬಿ ಎನ್‌ಟಿಎಫ್‌ಎಸ್-3ಜಿ ಡಿಫಾಲ್ಟ್ಸ್,ಯುಐಡಿ=1000 0 0
192.168.1.20:/ವಾಲ್ಯೂಮ್1/ಆರ್ಕೈವ್ /ಎಂಎನ್‌ಟಿ/ನಾಸ್ ಎನ್‌ಎಫ್‌ಎಸ್ ಡಿಫಾಲ್ಟ್ಸ್ 0 0

ಎಫ್‌ಎಸ್‌ಟ್ಯಾಬಿನಲ್ಲಿರುವುದನ್ನೆಲ್ಲ ಮೌಂಟ್ ಮಾಡುವ 'ಮೌಂಟ್ -ಎ' ಕೊಟ್ಟರೆ ಒಂದು ಎರರ್ ಕೂಡ ಬರಲಿಲ್ಲ, ಎಕ್ಸಿಟ್ ಕೋಡ್ 0. ಆದರೆ 'ಡಿಎಫ್' ನೋಡಿದರೆ /ಎಸ್‌ಆರ್‌ವಿ/ಡೇಟಾ ಇಲ್ಲ! ಇನ್ನೊಮ್ಮೆ ಕೊಟ್ಟರೂ ಅದೇ. ಸಾಂಬಾ ಷೇರ್ ಮೊದಲು ಖಾಲಿ ಕಾಣಿಸಿತು, ಆಮೇಲೆ ತಾನಾಗಿಯೇ ಫೈಲುಗಳು ತುಂಬಿಕೊಂಡವು (ಡಿಸೈನರ್‌ಗಳ ಪಿಸಿಯಲ್ಲಿ ಸಿಂಕ್ ಪ್ರೋಗ್ರಾಂ ಓಡುತ್ತದೆ).

ಇದರ ನಡುವೆ ಗುರುವಾರದ ಮೆಂಟೆನನ್ಸ್ ಕರೆಂಟ್ ಕಟ್ ಬಂತು, ಯುಪಿಎಸ್ ಅಷ್ಟು ಹೊತ್ತು ತಾಳಲಿಲ್ಲ. ಕರೆಂಟ್ ಬಂದ ಮೇಲೆ ಮಷೀನ್ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗುತ್ತದೆ. ಅಲ್ಲಿ 'ರೂಟ್ ಅಕೌಂಟ್ ಲಾಕ್ ಆಗಿದೆ, ಕನ್ಸೋಲ್ ತೆರೆಯಲಾಗದು' ಎನ್ನುತ್ತದೆ. ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಇಟ್ಟಿಲ್ಲ, ಸುಡೊ ಮಾತ್ರ ಇದೆ. ಶುಕ್ರವಾರ ಬೆಳಗಿನ ಶಿಫ್ಟಿಗೆ ಫೈಲುಗಳು ಬೇಕು. ಎಲ್ಲಿಂದ ಶುರು ಮಾಡಲಿ?

ಠಾಣೆ_ಟರ್ಮಿನಲ್ (ಮುಂಬೈ)

ಮೊದಲು ಮಷೀನ್ ಎಬ್ಬಿಸ್ರಿ, ಉಳಿದದ್ದು ಆಮೇಲೆ. ಕೀಬೋರ್ಡ್, ಮಾನಿಟರ್ ಜೋಡಿಸಿ.

ಮಷೀನ್ ಆನ್ ಆದಾಗ ಗ್ರಬ್ ಎಂಬ ಬೂಟ್ ಮೆನು ಬಂದಾಗ 'ಇ' ಒತ್ತಿ. 'ಲಿನಕ್ಸ್' ಅಂತ ಶುರುವಾಗುವ ಉದ್ದನೆಯ ಸಾಲಿನಲ್ಲಿ 'ಆರ್‌ಒ' ಇದ್ದರೆ 'ಆರ್‌ಡಬ್ಲ್ಯೂ' ಮಾಡಿ, ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ಇದನ್ನು ಸೇರಿಸಿ:

ಇನಿಟ್=/ಬಿನ್/ಬ್ಯಾಷ್

ಕಂಟ್ರೋಲ್-ಎಕ್ಸ್ ಒತ್ತಿದರೆ ಪಾಸ್‌ವರ್ಡ್ ಕೇಳದೆ ನೇರ ರೂಟ್ ಶೆಲ್ ಸಿಗುತ್ತದೆ. ಈ ಬದಲಾವಣೆ ಆ ಒಂದು ಬೂಟಿಗೆ ಮಾತ್ರ, ಡಿಸ್ಕಿನ ಮೇಲೆ ಉಳಿಯುವುದಿಲ್ಲ. ರೂಟ್ ಫೈಲ್‌ಸಿಸ್ಟಮ್ ಇನ್ನೂ ರೀಡ್-ಓನ್ಲಿ ಇದ್ದರೆ 'ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯೂ /' ಕೊಡಿ. ನ್ಯಾನೋದಲ್ಲಿ ಎಫ್‌ಎಸ್‌ಟ್ಯಾಬ್ ತೆರೆದು ಯುಎಸ್‌ಬಿ ಸಾಲಿನ ಮುಂದೆ # ಹಾಕಿ, ಸೇವ್ ಮಾಡಿ, 'ಸಿಂಕ್' ಕೊಟ್ಟು, 'ಎಕ್ಸೆಕ್ /ಎಸ್‌ಬಿನ್/ಇನಿಟ್'. ಮಾಮೂಲಿ ಬೂಟ್ ಮುಂದುವರಿಯುತ್ತದೆ. ಸಿಂಕ್ ಕೊಡದೆ ಪವರ್ ಬಟನ್ ಒತ್ತಬೇಡ್ರಿ, ಬರೆದದ್ದು ಡಿಸ್ಕಿಗೆ ಹೋಗಿರುವುದಿಲ್ಲ.

ಕರ್ನಲ್ ಸಾಲಿಗೆ 'ಎಫ್‌ಎಸ್‌ಟ್ಯಾಬ್=ನೋ' ಸೇರಿಸುವ ದಾರಿಯೂ ಇದೆ. ಸಿಸ್ಟಮ್‌ಡಿ (ಬೂಟ್ ಮತ್ತು ಸರ್ವಿಸ್‌ಗಳನ್ನು ನಡೆಸುವ ಪ್ರೋಗ್ರಾಂ) ಆಗ ಎಫ್‌ಎಸ್‌ಟ್ಯಾಬಿನ ಯಾವ ಮೌಂಟನ್ನೂ ಮುಟ್ಟುವುದಿಲ್ಲ. ಆದರೆ ಡೇಟಾ ಡಿಸ್ಕ್ ಇಲ್ಲದೆಯೇ ಸಾಂಬಾ ಎದ್ದು ಕೂರುತ್ತದೆ, ನಿಮ್ಮ ಕೇಸಿನಲ್ಲಿ ಅದು ಬೇಡ.

ಬೂಟ್ ನಿಂತದ್ದು ಯುಎಸ್‌ಬಿ ಸಾಲಿನಿಂದ. ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳು ಕರ್ನಲ್ ಡಿಸ್ಕುಗಳನ್ನು ಕಂಡ ಕ್ರಮದಲ್ಲಿ ಬರುತ್ತವೆ. ಟ್ರೇಯಿಂದ ಒಂದು ಡಿಸ್ಕ್ ಹೋದರೆ ಉಳಿದವು ಒಂದೊಂದು ಅಕ್ಷರ ಹಿಂದೆ ಸರಿಯುತ್ತವೆ. ಅಂದು ಎಸ್‌ಡಿಸಿ ಆಗಿದ್ದದ್ದು ರೀಬೂಟ್ ನಂತರ ಎಸ್‌ಡಿಬಿ ಆಗಿರಬಹುದು, ಅಥವಾ ಯಾರಾದರೂ ಬ್ಯಾಕಪ್ ಡಿಸ್ಕ್ ಬಿಚ್ಚಿ ಕಪಾಟಿನಲ್ಲಿಟ್ಟಿರಬಹುದು. 'ನೋಫೇಲ್' (ಮೌಂಟ್ ಆಗದಿದ್ದರೂ ಬೂಟ್ ನಿಲ್ಲದಿರಲಿ ಎಂಬ ಆಪ್ಷನ್) ಇಲ್ಲದ ಲೋಕಲ್ ಮೌಂಟ್ ಎಂದರೆ ಸಿಸ್ಟಮ್‌ಡಿಗೆ ಕಡ್ಡಾಯ. ಡಿವೈಸಿಗಾಗಿ 90 ಸೆಕೆಂಡ್ ಕಾಯುತ್ತದೆ. ಬರದಿದ್ದರೆ ಲೋಕಲ್-ಎಫ್‌ಎಸ್ ಟಾರ್ಗೆಟ್ ವಿಫಲ, ಅಲ್ಲಿಂದ ನೇರ ಎಮರ್ಜೆನ್ಸಿ. ನಿಮ್ಮ ಒಂದೂವರೆ ನಿಮಿಷ ಅದೇ.

ನಾಸ್ (ನೆಟ್‌ವರ್ಕ್ ಮೇಲಿನ ಸ್ಟೋರೇಜ್ ಪೆಟ್ಟಿಗೆ) ಸಾಲಿನ ಮೇಲೆ ಸಂಶಯ ಬೇಡ. ಟೈಪ್ ಎನ್‌ಎಫ್‌ಎಸ್ ಎಂದಿರುವುದರಿಂದ ಅದು ರಿಮೋಟ್-ಎಫ್‌ಎಸ್ ಕಡೆಗೆ ಹೋಗುತ್ತದೆ. ಅದು ವಿಫಲವಾದರೆ ಎಮರ್ಜೆನ್ಸಿ ಮೋಡ್ ಬರುವುದಿಲ್ಲ.

ಬೂಟ್ ಆದ ಮೇಲೆ ಯುಎಸ್‌ಬಿ ಡಿಸ್ಕ್ ಚುಚ್ಚಿ 'ಎಲ್‌ಎಸ್‌ಬಿಎಲ್‌ಕೆ -ಎಫ್' ನೋಡಿ, ಆ ಪಾರ್ಟಿಷನ್ನಿನ ಯುಯುಐಡಿ ತೆಗೆದುಕೊಳ್ಳಿ. ಎನ್‌ಟಿಎಫ್‌ಎಸ್ ಯುಯುಐಡಿ ಡ್ಯಾಷ್ ಇಲ್ಲದ 16 ಅಂಕೆ-ಅಕ್ಷರಗಳು, ಇಎಕ್ಸ್‌ಟಿ4 ಥರ ಉದ್ದ ಇರುವುದಿಲ್ಲ. 'ಬಿಎಲ್‌ಕೆಐಡಿ' ಔಟ್‌ಪುಟ್‌ನಲ್ಲಿ ಪಾರ್ಟ್‌ಯುಯುಐಡಿ ಅಂತಲೂ ಒಂದು ಬರುತ್ತದೆ, ಅದನ್ನು 'ಯುಯುಐಡಿ=' ಮುಂದೆ ಅಂಟಿಸಿದರೆ ಡಿವೈಸ್ ಎಂದೂ ಸಿಗುವುದಿಲ್ಲ. ಆಪ್ಷನ್ ಜಾಗದಲ್ಲಿ:

ನೋಆಟೋ,ನೋಫೇಲ್,ಯುಐಡಿ=1000,ಜಿಐಡಿ=1000,ಯುಮಾಸ್ಕ್=027

ಆಗಾಗ ಬಂದುಹೋಗುವ ಡಿಸ್ಕಿಗೆ ನೋಆಟೋ ಸಾಕು, ಬ್ಯಾಕಪ್ ಸ್ಕ್ರಿಪ್ಟೇ ಮೌಂಟ್ ಮಾಡಿ, ಕೆಲಸ ಮುಗಿಸಿ, ಅನ್‌ಮೌಂಟ್ ಮಾಡಲಿ. ಅದೇ ಡಿಸ್ಕನ್ನು ವಿಂಡೋಸ್ ಲ್ಯಾಪ್‌ಟಾಪಿಗೂ ಹಾಕುತ್ತಿದ್ದರೆ ಅಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿಸಿ. ಇಲ್ಲವಾದರೆ ವಿಂಡೋಸ್ ಅರ್ಧ ಹೈಬರ್ನೇಟ್ ಆಗಿ ಫೈಲ್‌ಸಿಸ್ಟಮನ್ನು ತೆರೆದೇ ಬಿಟ್ಟಿರುತ್ತದೆ, ಎನ್‌ಟಿಎಫ್‌ಎಸ್-3ಜಿ ಅದನ್ನು ರೀಡ್-ಓನ್ಲಿಯಾಗಿ ಮಾತ್ರ ತೆರೆಯುತ್ತದೆ.

ಮುಲುಂಡ್_ಶೆಲ್ (ಮುಂಬೈ)

ಬೂಟ್ ಸಮಸ್ಯೆಗೆ ಮೇಲಿನ ಉತ್ತರ ಸಾಕು. 'ಮೌಂಟ್ -ಎ' ಯಾಕೆ ಸುಮ್ಮನಿತ್ತು ಎನ್ನುವುದೇ ಇಲ್ಲಿ ಮುಖ್ಯ, ಯಾಕೆಂದರೆ ಡೇಟಾ ಹಾಳಾಗುವುದು ಅಲ್ಲಿ.

ಎಫ್‌ಎಸ್‌ಟ್ಯಾಬನ್ನು ಓದುವವರು ಇಬ್ಬರು. 'ಮೌಂಟ್' ಕಮಾಂಡ್ ಪ್ರತಿಸಲ ಫೈಲನ್ನೇ ಓದುತ್ತದೆ. ಸಿಸ್ಟಮ್‌ಡಿ ಹಾಗಲ್ಲ. ಬೂಟ್ ಸಮಯದಲ್ಲಿ ಒಮ್ಮೆ ಓದಿ, ಪ್ರತಿ ಸಾಲಿಗೂ ಒಂದು ಮೌಂಟ್ ಯುನಿಟ್ ತಯಾರಿಸಿ /ರನ್/ಸಿಸ್ಟಮ್‌ಡಿ/ಜನರೇಟರ್ ಒಳಗೆ ಇಟ್ಟುಕೊಳ್ಳುತ್ತದೆ. 'ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್' ಕೊಡುವ ತನಕ ಆ ಪ್ರತಿ ಬದಲಾಗುವುದಿಲ್ಲ. ಎಫ್‌ಎಸ್‌ಟ್ಯಾಬಿನಿಂದ ಬಂದ ಯುನಿಟ್ ತನ್ನ ಡಿವೈಸಿಗೆ 'ಬೈಂಡ್ಸ್‌ಟು' ಸಂಬಂಧದಿಂದ ಕಟ್ಟಿಕೊಂಡಿರುತ್ತದೆ: ಡಿವೈಸ್ ಇಲ್ಲವಾದರೆ ಮೌಂಟೂ ಇಲ್ಲ.

ನಿಮ್ಮಲ್ಲಿ ಆದದ್ದು ಇದು. 'ಮೌಂಟ್ -ಎ' ಹೊಸ ಯುಯುಐಡಿ ಓದಿ 4 ಟಿಬಿ ಡಿಸ್ಕನ್ನು ಸರಿಯಾಗಿಯೇ ಮೌಂಟ್ ಮಾಡಿತು, ಅದಕ್ಕೇ ಎಕ್ಸಿಟ್ ಕೋಡ್ 0. ಮೌಂಟ್ ಪಟ್ಟಿಯಲ್ಲಿ /ಎಸ್‌ಆರ್‌ವಿ/ಡೇಟಾ ಕಂಡ ಕೂಡಲೇ ಸಿಸ್ಟಮ್‌ಡಿ ತನ್ನ ಹಳೆಯ ಯುನಿಟ್ ನೋಡಿತು. ಅದರಲ್ಲಿ 2 ಟಿಬಿಯ ಯುಯುಐಡಿ. ಆ ಡಿಸ್ಕ್ ಟ್ರೇಯಿಂದ ಹೊರಗೆ. ನಿಷ್ಕ್ರಿಯ ಡಿವೈಸಿಗೆ ಕಟ್ಟಿದ ಮೌಂಟ್ ಎಂದು ತೀರ್ಮಾನಿಸಿ ಅದೇ ಕ್ಷಣ ಅನ್‌ಮೌಂಟ್ ಮಾಡಿತು. ನೀವು 'ಡಿಎಫ್' ಟೈಪ್ ಮಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಾಕ್ಷಿ ಜರ್ನಲ್‌ನಲ್ಲಿ (ಸಿಸ್ಟಮ್‌ಡಿಯ ಲಾಗ್) ಸಿಗುತ್ತದೆ. ಡೆಬಿಯನ್ 11ರಿಂದ ಜರ್ನಲ್ ಡಿಸ್ಕಿನ ಮೇಲೆ ಉಳಿಯುವುದರಿಂದ ಹಿಂದಿನ ಬೂಟಿನದೂ ಇರಬೇಕು:

ಜರ್ನಲ್‌ಸಿಟಿಎಲ್ -ಬಿ -1 -ಯು ಎಸ್‌ಆರ್‌ವಿ-ಡೇಟಾ.ಮೌಂಟ್

ಬೂಟ್ ಪ್ರಯತ್ನಗಳು ಹಲವು ಆಗಿದ್ದರೆ -2, -3 ಎಂದು ಹಿಂದೆ ಹೋಗಿ. ಯುನಿಟ್ ನಿಷ್ಕ್ರಿಯ ಡಿವೈಸಿಗೆ ಬದ್ಧವಾಗಿದೆ, ಅದನ್ನೂ ನಿಲ್ಲಿಸಲಾಗುತ್ತಿದೆ ಎಂಬ ಅರ್ಥದ ಸಾಲು ಹುಡುಕಿ.

ರೀಬೂಟ್ ಆದರೆ ಇದು ತಾನೇ ಸರಿಹೋಗುತ್ತದೆ, ಏಕೆಂದರೆ ಯುನಿಟ್‌ಗಳು ಹೊಸದಾಗಿ ತಯಾರಾಗುತ್ತವೆ. ಎಷ್ಟೋ ಜನ 'ರೀಸ್ಟಾರ್ಟ್ ಮಾಡಿದೆ, ಸರಿಹೋಯ್ತು' ಎಂದು ಅಲ್ಲಿಗೇ ಬಿಡುತ್ತಾರೆ. ಇನ್ನು ಮುಂದೆ ಎಫ್‌ಎಸ್‌ಟ್ಯಾಬ್ ಮುಟ್ಟಿದಾಗಲೆಲ್ಲ ಈ ಕ್ರಮ ಇಟ್ಟುಕೊಳ್ಳಿ:

ಫೈಂಡ್‌ಎಂಎನ್‌ಟಿ --ವೆರಿಫೈ --ವರ್ಬೋಸ್
ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್
ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಎಸ್‌ಆರ್‌ವಿ-ಡೇಟಾ.ಮೌಂಟ್
ಫೈಂಡ್‌ಎಂಎನ್‌ಟಿ /ಎಸ್‌ಆರ್‌ವಿ/ಡೇಟಾ

ಮೂರನೆಯದು 'ಮೌಂಟ್ -ಎ'ಗಿಂತ ಒಳ್ಳೆಯ ಪರೀಕ್ಷೆ. ಬೂಟ್ ಸಮಯದಲ್ಲಿ ಸಿಸ್ಟಮ್‌ಡಿ ಯಾವ ದಾರಿಯಲ್ಲಿ ಮೌಂಟ್ ಮಾಡುತ್ತದೋ ಅದೇ ದಾರಿಯಲ್ಲಿ ಇದೂ ಮಾಡುತ್ತದೆ. ಯುನಿಟ್ ಹೆಸರಿನಲ್ಲಿ ಒಂದು ತೊಡಕಿದೆ: ಪಾತ್‌ನ / ಚಿಹ್ನೆ ಹೆಸರಿನಲ್ಲಿ - ಆಗುತ್ತದೆ, ಹಾಗಾಗಿ ಪಾತ್‌ನಲ್ಲೇ ಇರುವ - ಬೇರೆ ರೂಪ ಪಡೆಯುತ್ತದೆ. /ಮೀಡಿಯಾ/ಬ್ಯಾಕಪ್-ಯುಎಸ್‌ಬಿಯ ಯುನಿಟ್ ಹೆಸರು ಊಹಿಸಲು ಹೋಗಬೇಡಿ. 'ಸಿಸ್ಟಮ್‌ಡಿ-ಎಸ್ಕೇಪ್ -ಪಿ --ಸಫಿಕ್ಸ್=ಮೌಂಟ್' ಮುಂದೆ ಪಾತ್ ಕೊಟ್ಟರೆ ಸರಿಯಾದ ಹೆಸರು ಬರುತ್ತದೆ. ಅದರಲ್ಲಿ ಬ್ಯಾಕ್‌ಸ್ಲ್ಯಾಶ್ ಇರುವುದರಿಂದ ಸಿಂಗಲ್ ಕೋಟ್ ಒಳಗೆ ಹಾಕಿ.

ಒಂದು ವಿಷಯ ನನಗೆ ಚಿಂತೆ ತಂದಿದೆ. ಷೇರ್ ತಾನಾಗಿಯೇ ತುಂಬಿತು ಎಂದಿರಿ. ಆ ಫೈಲುಗಳು ಬಿದ್ದದ್ದು ಎಸ್‌ಎಸ್‌ಡಿ ಮೇಲೆ. ಬೂಟ್ ಆದ ಮೇಲೆ ರೂಟ್ ಎಷ್ಟು ತುಂಬಿದೆ ನೋಡಿ ಹೇಳಿ. ಅಷ್ಟರವರೆಗೆ ಏನನ್ನೂ ಅಳಿಸಬೇಡಿ, ಸಿಂಕ್ ಪ್ರೋಗ್ರಾಂ ನಿಲ್ಲಿಸಿ.

ಭೋಸರಿ_ಫೈಲ್‌ಸರ್ವರ್ (ಪುಣೆ)

ಬೂಟ್ ಆಯಿತು. ಜರ್ನಲ್‌ನಲ್ಲಿ ಆ ಸಾಲು ಹಾಗೆಯೇ ಇದೆ, ಹಳೆಯ ಡಿಸ್ಕಿನ ಯುಯುಐಡಿ ಸಮೇತ. 4 ಟಿಬಿ ಈಗ /ಎಸ್‌ಆರ್‌ವಿ/ಡೇಟಾದಲ್ಲಿ ನಿಂತಿದೆ. ಸಿಂಕ್ ನಿಲ್ಲಿಸಿದ್ದೇನೆ.

ಆದರೆ 'ಡಿಎಫ್' ಪ್ರಕಾರ ರೂಟ್ 97% ತುಂಬಿದೆ, 'ಡಿಯು -ಎಕ್ಸ್‌ಎಸ್‌ಎಚ್ /' ಕೇವಲ 61 ಜಿಬಿ ತೋರಿಸುತ್ತದೆ. ಬುಧವಾರ ಸೇವ್ ಮಾಡಿದ ಡ್ರಾಯಿಂಗುಗಳು ಷೇರ್‌ನಲ್ಲಿ ಇಲ್ಲ. ಇನ್ನೊಂದು: ಷೇರ್‌ಗೆ ಯಾರು ಹೊಸ ಫೈಲ್ ಹಾಕಲು ಹೋದರೂ ಅನುಮತಿ ಇಲ್ಲ ಎನ್ನುತ್ತದೆ.

ಮಡಗಾಂವ್_ಯುನಿಕ್ಸ್ (ಗೋವಾ)

ಬುಧವಾರದ ಡ್ರಾಯಿಂಗುಗಳು ಎಲ್ಲೂ ಹೋಗಿಲ್ಲ. ಎಸ್‌ಎಸ್‌ಡಿಯ /ಎಸ್‌ಆರ್‌ವಿ/ಡೇಟಾ ಡೈರೆಕ್ಟರಿಯಲ್ಲಿವೆ, ಅದರ ಮೇಲೆ ಈಗ 4 ಟಿಬಿ ಡಿಸ್ಕ್ ಮುಚ್ಚಳದ ಹಾಗೆ ಕೂತಿದೆ. ಫೈಲುಗಳಿರುವ ಡೈರೆಕ್ಟರಿಯ ಮೇಲೆ ಲಿನಕ್ಸ್ ಯಾವ ಎಚ್ಚರಿಕೆಯೂ ಇಲ್ಲದೆ ಮೌಂಟ್ ಮಾಡುತ್ತದೆ. 'ಡಿಎಫ್' ಫೈಲ್‌ಸಿಸ್ಟಮ್ ಲೆಕ್ಕ ಹೇಳುತ್ತದೆ, 'ಡಿಯು' ಕಣ್ಣಿಗೆ ಕಾಣುವ ಫೈಲುಗಳನ್ನು ಕೂಡಿಸುತ್ತದೆ. ಆ ವ್ಯತ್ಯಾಸವೇ ಅಡಿಯಲ್ಲಿರುವ ಡೇಟಾ. (ಅಳಿಸಿದರೂ ಯಾವುದೋ ಪ್ರೋಸೆಸ್ ಹಿಡಿದುಕೊಂಡಿರುವ ಫೈಲುಗಳಿಂದಲೂ ಇಂಥ ವ್ಯತ್ಯಾಸ ಬರುತ್ತದೆ. 'ಎಲ್‌ಎಸ್‌ಒಎಫ್ +ಎಲ್1' ಅದನ್ನು ತೋರಿಸುತ್ತದೆ. ನಿಮ್ಮದು ಈಗಷ್ಟೇ ಬೂಟ್ ಆದ ಮಷೀನ್, ಆ ಸಾಧ್ಯತೆ ಕಡಿಮೆ.)

ಅನ್‌ಮೌಂಟ್ ಮಾಡದೆಯೇ ಒಳಗೆ ನೋಡಬಹುದು:

ಎಂಕೆಡಿಐಆರ್ /ಎಂಎನ್‌ಟಿ/ಅಡಿ
ಮೌಂಟ್ --ಬೈಂಡ್ / /ಎಂಎನ್‌ಟಿ/ಅಡಿ
ಡಿಯು -ಎಸ್‌ಎಚ್ /ಎಂಎನ್‌ಟಿ/ಅಡಿ/ಎಸ್‌ಆರ್‌ವಿ/ಡೇಟಾ

'--ಬೈಂಡ್' ರೂಟ್ ಫೈಲ್‌ಸಿಸ್ಟಮನ್ನು ಮಾತ್ರ ಎರಡನೇ ಜಾಗದಲ್ಲಿ ತೋರಿಸುತ್ತದೆ, ಅದರೊಳಗಿನ ಬೇರೆ ಮೌಂಟುಗಳನ್ನು ಜೊತೆಗೆ ತರುವುದಿಲ್ಲ. ಅದೇ ನಮಗೆ ಬೇಕಾದದ್ದು. '--ಆರ್‌ಬೈಂಡ್' ಕೊಟ್ಟರೆ ಅವೂ ಬರುತ್ತವೆ, ಅಡಿಯದು ಮತ್ತೆ ಮುಚ್ಚಿಹೋಗುತ್ತದೆ.

ಈಗ ಸಾಗಿಸುವುದು. ಸಾಂಬಾ ನಿಲ್ಲಿಸಿ. ಆರ್‌ಸಿಂಕ್‌ಗೆ (ಫೈಲ್ ಕಾಪಿ ಮಾಡುವ ಕಮಾಂಡ್) ಸಣ್ಣಕ್ಷರದ 'ಎ', ದೊಡ್ಡಕ್ಷರದ 'ಎಚ್', 'ಎ', 'ಎಕ್ಸ್' ಕೊಡಿ. ಇದರಿಂದ ಅನುಮತಿ, ಹಾರ್ಡ್‌ಲಿಂಕ್, ಎಸಿಎಲ್, ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ ಎಲ್ಲ ಉಳಿಯುತ್ತವೆ. ಜೊತೆಗೆ '--ಅಪ್‌ಡೇಟ್ --ಬ್ಯಾಕಪ್ --ಸಫಿಕ್ಸ್=.ಹಳೆ'. ಹೊಸ ದಿನಾಂಕದ ಫೈಲ್ ಮಾತ್ರ ಹೋಗುತ್ತದೆ, ಮೊದಲಿದ್ದದ್ದು .ಹಳೆ ಎಂಬ ಬಾಲದೊಂದಿಗೆ ಉಳಿಯುತ್ತದೆ. ಮೊದಲ ಸಲ '-ಎನ್' ಮತ್ತು '-ವಿ' ಸೇರಿಸಿ ಬರೀ ಪಟ್ಟಿ ನೋಡಿ. ಮೂಲದ ಪಾತ್ ಕೊನೆಯಲ್ಲಿ / ಇರಲಿ, ಇಲ್ಲದಿದ್ದರೆ ಡೇಟಾ ಒಳಗೆ ಇನ್ನೊಂದು ಡೇಟಾ ಡೈರೆಕ್ಟರಿ ಹುಟ್ಟುತ್ತದೆ.

ಕಾಪಿ ಆಗಿ, ಹತ್ತಾರು ಡ್ರಾಯಿಂಗ್ ತೆರೆದು ನೋಡಿದ ಮೇಲೆ ಅಡಿಯ ಡೈರೆಕ್ಟರಿ ಖಾಲಿ ಮಾಡಿ. ಆಮೇಲೆ ಇದನ್ನು ಮರೆಯಬೇಡಿ:

ಸಿಎಚ್‌ಎಟಿಟಿಆರ್ +ಐ /ಎಂಎನ್‌ಟಿ/ಅಡಿ/ಎಸ್‌ಆರ್‌ವಿ/ಡೇಟಾ
ಅನ್‌ಮೌಂಟ್ ಮಾಡಲು: ಯುಮೌಂಟ್ /ಎಂಎನ್‌ಟಿ/ಅಡಿ

ಖಾಲಿ ಮೌಂಟ್ ಪಾಯಿಂಟ್ ಈಗ ಬದಲಾಯಿಸಲಾಗದ ಡೈರೆಕ್ಟರಿ. ಡಿಸ್ಕ್ ಮೌಂಟ್ ಆಗದ ದಿನ ರೂಟ್ ಕೂಡ ಅದರಲ್ಲಿ ಫೈಲ್ ಹುಟ್ಟಿಸಲಾರ, ಸಿಂಕ್ ಪ್ರೋಗ್ರಾಂ ಎರರ್ ಕೊಟ್ಟು ನಿಲ್ಲುತ್ತದೆ. ಮೌಂಟ್ ಮಾಡಲು ಇದರಿಂದ ಯಾವ ಅಡ್ಡಿಯೂ ಇಲ್ಲ. ಪ್ರತಿ ಹೊಸ ಮೌಂಟ್ ಪಾಯಿಂಟಿಗೂ, ಮೌಂಟ್ ಮಾಡುವ ಮೊದಲೇ ಇದನ್ನು ಹಾಕಿ.

ನಿಮ್ಮ ಸಿಂಕ್ ಒಮ್ಮುಖದ್ದು ಎಂದು ಕಾಣುತ್ತದೆ, ಅದಕ್ಕೇ ಷೇರ್ ತುಂಬಿತು. ಇಮ್ಮುಖ ಸಿಂಕ್ ಆಗಿದ್ದರೆ ಖಾಲಿ ಡೈರೆಕ್ಟರಿ ಕಂಡು 'ಸರ್ವರಿನಲ್ಲಿ ಎಲ್ಲ ಅಳಿಸಿದ್ದಾರೆ' ಎಂದು ಪಿಸಿಗಳಲ್ಲೂ ಅಳಿಸಿಬಿಡುತ್ತಿತ್ತು. ಸಿಂಕ್ ಶುರುವಾಗುವ ಮುನ್ನ ಡಿಸ್ಕಿನ ಮೇಲಿರುವ ಒಂದು ಗುರುತಿನ ಫೈಲ್ ಇದೆಯೇ ನೋಡಿಕೊಳ್ಳುವಂತೆ ಮಾಡಿಸಿ. ಅಥವಾ ಸರ್ವರ್ ಬದಿಯ ಸ್ಕ್ರಿಪ್ಟ್‌ಗಳಲ್ಲಿ 'ಮೌಂಟ್‌ಪಾಯಿಂಟ್ -ಕ್ಯೂ /ಎಸ್‌ಆರ್‌ವಿ/ಡೇಟಾ' ಯಶಸ್ವಿಯಾದರೆ ಮಾತ್ರ ಮುಂದೆ ಹೋಗಲಿ.

ಅನುಮತಿ ಸಮಸ್ಯೆ ಸುಲಭದ್ದು. ಮೌಂಟ್ ಆದ ಮೇಲೆ ಕಾಣುವ ಒಡೆತನ ಡಿಸ್ಕಿನ ಸ್ವಂತ ರೂಟ್ ಡೈರೆಕ್ಟರಿಯದು, ಅಡಿಯ ಡೈರೆಕ್ಟರಿಯದಲ್ಲ. ಹೊಸ ಇಎಕ್ಸ್‌ಟಿ4 ರೂಟ್ ಹೆಸರಲ್ಲಿ 755 ಆಗಿ ಹುಟ್ಟುತ್ತದೆ. ಡಿಸ್ಕ್ ಮೌಂಟ್ ಆಗಿರುವಾಗಲೇ ಸಾಂಬಾ ಗುಂಪಿಗೆ 'ಸಿಎಚ್‌ಜಿಆರ್‌ಪಿ' ಕೊಟ್ಟು, 'ಸಿಎಚ್‌ಮಾಡ್ 2775 /ಎಸ್‌ಆರ್‌ವಿ/ಡೇಟಾ' ಮಾಡಿ. ಎನ್‌ಟಿಎಫ್‌ಎಸ್ ಸಾಲಿನ 'ಯುಐಡಿ=1000' ನೋಡಿ ಇಲ್ಲಿಯೂ ಅದನ್ನೇ ಹಾಕಬೇಡಿ. ಇಎಕ್ಸ್‌ಟಿ4ಗೆ ಆ ಆಪ್ಷನ್ ಇಲ್ಲ, ಮೌಂಟ್ ವಿಫಲವಾಗುತ್ತದೆ. ಕಾಣುವ ಸಂದೇಶವೋ 'ತಪ್ಪು ಫೈಲ್‌ಸಿಸ್ಟಮ್, ತಪ್ಪು ಆಪ್ಷನ್, ಕೆಟ್ಟ ಸೂಪರ್‌ಬ್ಲಾಕ್' ಎಂದು ಎಲ್ಲವನ್ನೂ ಒಟ್ಟಿಗೆ ಹೇಳಿ ಗಾಬರಿ ಹುಟ್ಟಿಸುತ್ತದೆ. ಅಂಥ ಹೊತ್ತಿನಲ್ಲಿ 'ಎಫ್‌ಎಸ್‌ಸಿಕೆ' ಓಡಿಸುವ ಮುನ್ನ 'ಡಿಮೆಸ್ಗ್' ಕೊನೆಯ ಸಾಲು ಓದಿ, ಯಾವ ಆಪ್ಷನ್ ಎಂದು ಅಲ್ಲಿ ಸ್ಪಷ್ಟವಾಗಿರುತ್ತದೆ.

ಇನ್ನು 4 ಟಿಬಿಯಲ್ಲಿ ಇಎಕ್ಸ್‌ಟಿ4 ಪೂರ್ವನಿಯೋಜಿತವಾಗಿ 5% ಜಾಗ ರೂಟ್‌ಗೆ ಕಾಯ್ದಿಡುತ್ತದೆ, ಅಂದರೆ ಸುಮಾರು 200 ಜಿಬಿ. ಬರೀ ಡೇಟಾ ಡಿಸ್ಕಿಗೆ 'ಟ್ಯೂನ್2ಎಫ್‌ಎಸ್ -ಎಂ 1' ಸಾಕು.

ಠಾಣೆ_ಟರ್ಮಿನಲ್ (ಮುಂಬೈ)

ಡೇಟಾ ಸಾಲಿಗೂ ನೋಫೇಲ್ ಹಾಕ್ರಿ ಅಂತ ನನ್ನ ಸಲಹೆ. ಗುರುವಾರ ಕರೆಂಟ್ ಹೋಗಿ ಬಂದಾಗ ಡಿಸ್ಕ್ ಕೈಕೊಟ್ಟರೂ ಮಷೀನ್ ಎದ್ದರೆ ಎಸ್‌ಎಸ್‌ಎಚ್ ಮೂಲಕ ಮನೆಯಿಂದಲೇ ನೋಡಬಹುದು. 'ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=30' ಸೇರಿಸಿದರೆ 90 ಸೆಕೆಂಡ್ ಕಾಯುವುದೂ ತಪ್ಪುತ್ತದೆ.

ಮುಲುಂಡ್_ಶೆಲ್ (ಮುಂಬೈ)

ಬರೀ ನೋಫೇಲ್ ಹಾಕಿ ಬಿಟ್ಟರೆ ಅಪಾಯ. ನೋಫೇಲ್ ಇದ್ದರೆ ಬೂಟ್ ಆ ಮೌಂಟಿಗಾಗಿ ಕಾಯುವುದೇ ಇಲ್ಲ. ಡಿಸ್ಕ್ ಚೆನ್ನಾಗಿದ್ದರೂ ಸಾಂಬಾ ಅದಕ್ಕಿಂತ ಮೊದಲು ಏಳಬಹುದು. ಆದ್ದರಿಂದ ನೋಫೇಲ್ ಜೊತೆಗೆ ಇದು ಕಡ್ಡಾಯ: 'ಸಿಸ್ಟಮ್‌ಸಿಟಿಎಲ್ ಎಡಿಟ್ ಎಸ್‌ಎಂಬಿಡಿ' (ಎಸ್‌ಎಂಬಿಡಿ ಎಂದರೆ ಸಾಂಬಾ ಸರ್ವಿಸ್) ಕೊಟ್ಟು ತೆರೆಯುವ ಖಾಲಿ ಫೈಲಿನಲ್ಲಿ

[ಯುನಿಟ್]
ರಿಕ್ವೈರ್ಸ್‌ಮೌಂಟ್ಸ್‌ಫಾರ್=/ಎಸ್‌ಆರ್‌ವಿ/ಡೇಟಾ

ಈಗ ಡಿಸ್ಕ್ ಮೌಂಟ್ ಆಗದಿದ್ದರೆ ಸಾಂಬಾ ಏಳುವುದಿಲ್ಲ, ಎಸ್‌ಎಸ್‌ಎಚ್ ಏಳುತ್ತದೆ. ಷೇರ್ ಖಾಲಿ ಕಾಣುವುದಕ್ಕಿಂತ ಷೇರೇ ಕಾಣದಿರುವುದು ಎಷ್ಟೋ ವಾಸಿ, ಶಿಫ್ಟಿನವರು ತಕ್ಷಣ ಫೋನ್ ಮಾಡುತ್ತಾರೆ.

ನಾಸ್ ಸಾಲಿಗೆ ಆಟೋಮೌಂಟ್ ಸೂಕ್ತ. ಕರೆಂಟ್ ಬಂದಾಗ ಸರ್ವರ್ ಮೊದಲು ಎದ್ದು ನಾಸ್ ಇನ್ನೂ ಡಿಸ್ಕ್ ತಿರುಗಿಸುತ್ತಿರುತ್ತದೆ:

ನೋಫೇಲ್,ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್,ಎಕ್ಸ್-ಸಿಸ್ಟಮ್‌ಡಿ.ಮೌಂಟ್-ಟೈಮ್‌ಔಟ್=15,ಎಕ್ಸ್-ಸಿಸ್ಟಮ್‌ಡಿ.ಐಡಲ್-ಟೈಮ್‌ಔಟ್=600

ಯಾರಾದರೂ /ಎಂಎನ್‌ಟಿ/ನಾಸ್ ಒಳಗೆ ಕಾಲಿಟ್ಟಾಗ ಮಾತ್ರ ಮೌಂಟ್ ಆಗುತ್ತದೆ, 10 ನಿಮಿಷ ಯಾರೂ ಮುಟ್ಟದಿದ್ದರೆ ಬಿಟ್ಟುಕೊಡುತ್ತದೆ. ನಾಸ್ ಮಧ್ಯದಲ್ಲಿ ಸತ್ತರೆ 'ಡಿಎಫ್' ಹ್ಯಾಂಗ್ ಆಗುತ್ತದೆ ಎಂದು 'ಸಾಫ್ಟ್' ಹಾಕುವವರಿದ್ದಾರೆ. ಆರ್ಕೈವಿಗೆ ಬರೆಯುವುದಿದ್ದರೆ ಬೇಡ. ಸಾಫ್ಟ್‌ನಲ್ಲಿ ಟೈಮ್‌ಔಟ್ ಆದ ಬರವಣಿಗೆ ಎರರ್ ಆಗಿ ಹಿಂತಿರುಗುತ್ತದೆ, ಆ ಎರರನ್ನು ಗಮನಿಸದ ಪ್ರೋಗ್ರಾಂ ಅರ್ಧ ಫೈಲ್ ಬಿಟ್ಟು ಮುಂದೆ ಹೋಗುತ್ತದೆ. ಬರೀ ಓದಲು ಮಾತ್ರವಾದರೆ 'ಆರ್‌ಒ,ಸಾಫ್ಟ್' ಪರವಾಗಿಲ್ಲ.

ಮಡಗಾಂವ್_ಯುನಿಕ್ಸ್ (ಗೋವಾ)

ಇದೇ ಚರ್ಚೆಯನ್ನು ಫ್ರೀಬಿಎಸ್‌ಡಿ (ಲಿನಕ್ಸ್ ಅಲ್ಲದ ಇನ್ನೊಂದು ಯುನಿಕ್ಸ್ ಥರದ ಸಿಸ್ಟಮ್) ಇಟ್ಟುಕೊಂಡವರು ಓದುತ್ತಿದ್ದರೆ: ಅಲ್ಲಿ ಎಫ್‌ಎಸ್‌ಟ್ಯಾಬ್ ಆಪ್ಷನ್ 'ನೋಫೇಲ್' ಅಲ್ಲ, 'ಫೇಲ್‌ಓಕೆ'. ತಡವಾಗಿ ಮೌಂಟ್ ಆಗಬೇಕಾದದ್ದಕ್ಕೆ 'ಲೇಟ್' ಇದೆ. ಸಿಂಗಲ್ ಯೂಸರ್‌ನಲ್ಲಿ ಯುಎಫ್‌ಎಸ್ ರೂಟನ್ನು ಬರೆಯುವಂತೆ ಮಾಡಲು 'ಮೌಂಟ್ -ಯು /'. ಝಡ್‌ಎಫ್‌ಎಸ್ ಡೇಟಾಸೆಟ್‌ಗಳು ಸಾಮಾನ್ಯವಾಗಿ ಎಫ್‌ಎಸ್‌ಟ್ಯಾಬಿಗೆ ಬರುವುದೇ ಇಲ್ಲ, 'ಝಡ್‌ಎಫ್‌ಎಸ್ ಗೆಟ್ ಮೌಂಟ್‌ಪಾಯಿಂಟ್,ಕ್ಯಾನ್‌ಮೌಂಟ್' ನೋಡಿ.

ಭೋಸರಿಯವರೇ, ಎಲ್ಲ ಮುಗಿದ ಮೇಲೆ ಶಿಫ್ಟ್ ಇಲ್ಲದ ಹೊತ್ತಿನಲ್ಲಿ ಒಂದು ಪರೀಕ್ಷೆ ಮಾಡಿ. ಮಷೀನ್ ಸರಿಯಾಗಿ ಶಟ್‌ಡೌನ್ ಮಾಡಿ, ಡೇಟಾ ಡಿಸ್ಕನ್ನು ಟ್ರೇಯಿಂದ ಎಳೆದು, ಯುಎಸ್‌ಬಿ ಬಿಚ್ಚಿ, ನಾಸ್ ಆಫ್ ಮಾಡಿ ಬೂಟ್ ಮಾಡಿ. ಎಸ್‌ಎಸ್‌ಎಚ್ ಸಿಗಬೇಕು, 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ಮತ್ತು 'ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಸ್‌ಎಂಬಿಡಿ' ನೋಡಿದರೆ ಸಾಂಬಾ ನಿಂತಿರಬೇಕು, /ಎಸ್‌ಆರ್‌ವಿ/ಡೇಟಾದಲ್ಲಿ ರೂಟ್ ಆಗಿ 'ಟಚ್' ಮಾಡಿದರೂ ನಿರಾಕರಿಸಬೇಕು. ಇಷ್ಟೂ ಆದರೆ ಡಿಸ್ಕ್ ವಾಪಸ್ ಹಾಕಿ ಮತ್ತೆ ಬೂಟ್ ಮಾಡಿ. ಅಷ್ಟಾದ ಮೇಲೆಯೇ ಸಿಂಕ್ ಪ್ರೋಗ್ರಾಂ ಶುರು ಮಾಡಿ, ಮೊದಲು ಒಂದೇ ಪಿಸಿಯಿಂದ.